ಎಂಐಟಿಯೇ, ಅಪಾಚೆಯೇ, ಜಿಪಿಎಲ್ಲೇ? ಪೇಟೆಂಟ್ ಷರತ್ತನ್ನೂ ಓದಿ ಪರವಾನಗಿ ಆರಿಸುವ ಬಗೆ

ಅಣ್ಣತಮ್ಮಂದಿರು ಚೆನ್ನಾಗಿರುವಷ್ಟು ದಿನ ಪಾಲುಪತ್ರವನ್ನು ಯಾರೂ ಪೆಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ. ಬರೆದ ಕೋಡನ್ನು ಬೇರೆಯವರು ಯಾವ ಷರತ್ತಿನ ಮೇಲೆ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಹೇಳುವ ತಂತ್ರಾಂಶದ ಪರವಾನಗಿಯೂ ಅದೇ ಜಾತಿಯ ಕಾಗದ; ಎಂಐಟಿ, ಅಪಾಚೆ, ಜಿಪಿಎಲ್ ಅಂಥ ಸಿದ್ಧ ಪರವಾನಗಿಗಳ ಹೆಸರುಗಳು. ಕೋಡ್ ಬರೆದು, ಅದನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಏರಿಸುವಾಗ ಪಟ್ಟಿಯಲ್ಲಿ ಕಂಡ ಮೊದಲ ಹೆಸರನ್ನು ಒತ್ತಿ ಮುಂದೆ ಹೋಗುತ್ತೇವೆ. ಮೂರು ವರ್ಷದ ಬಳಿಕ ದೊಡ್ಡ ಕಂಪನಿಯೊಂದು ಅದನ್ನು ತನ್ನ ಸೇವೆಯೊಳಗೆ ಸೇರಿಸಿಕೊಂಡಾಗಲೋ ಗಿರಾಕಿಯ ವಕೀಲರಿಂದ ಪತ್ರ ಬಂದಾಗಲೋ ಆ ಕಡತವನ್ನು ಮೊದಲ ಸಲ ಪೂರ್ತಿಯಾಗಿ ಓದುತ್ತೇವೆ.

ಈ ವಿಷಯದಲ್ಲಿ ನನ್ನನ್ನು ಕೇಳುವವರು ಹೆಚ್ಚಾಗಿ ಮೂರು ಬಗೆಯವರು. ಕನ್ನಡದ ಕಾಗುಣಿತ ತಿದ್ದುವ ಲೈಬ್ರರಿ (ಬೇರೆ ಪ್ರೋಗ್ರಾಂಗಳು ತಮ್ಮೊಳಗೆ ಸೇರಿಸಿಕೊಳ್ಳುವ ಕೋಡಿನ ಕಟ್ಟು) ಬರೆದ ವಿದ್ಯಾರ್ಥಿ. ನಾಲ್ಕು ಜನ ಸೇರಿ ಸರ್ವರ್ ಮೇಲೆ ಓಡುವ ಸೇವೆಯೊಂದನ್ನು ಕಟ್ಟುತ್ತಿರುವ ಸಣ್ಣ ಕಂಪನಿ. ಗಿರಾಕಿಗಳಿಗೆ ಕೆಲಸ ಮಾಡಿಕೊಡುವ ಒಂಟಿ ಪ್ರೋಗ್ರಾಮರ್. ಮೂವರ ಪ್ರಶ್ನೆಯೂ ಒಂದೇ, ಉತ್ತರಗಳು ಮಾತ್ರ ಬೇರೆ ಬೇರೆ. ನಾನು ಕೋಡ್ ಬರೆಯುವವನು, ವಕೀಲನಲ್ಲ. ಹಣ ದೊಡ್ಡದಿದ್ದರೆ ವಕೀಲರ ಬಳಿ ಹೋಗಿ. ಹೋಗುವ ಮೊದಲು ಇದನ್ನು ಓದಿಕೊಂಡರೆ ಅವರ ಅರ್ಧ ಗಂಟೆಯ ಶುಲ್ಕ ಉಳಿಯಬಹುದು.

ಮೊದಲು ಅಳತೆಗೋಲುಗಳು

ಹೆಸರುಗಳ ಕಡೆ ಹೋಗುವ ಮುಂಚೆ ಒಂದು ಮಾತು ಖಚಿತವಾಗಬೇಕು: ಈ ಕೋಡ್ ನಿಮ್ಮದೇ ತಾನೇ? ತನ್ನದಲ್ಲದ ಹೊಲವನ್ನು ಗೇಣಿಗೆ ಕೊಡಲು ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದಕ್ಕೆ ಬೇರೆ ಒಪ್ಪಂದವಿಲ್ಲದಿದ್ದರೆ ಮೊದಲ ಒಡೆತನ ಉದ್ಯೋಗ ಕೊಟ್ಟವರದು. ನೇಮಕಾತಿ ಪತ್ರಗಳು ಅದಕ್ಕಿಂತಲೂ ಉದ್ದಕ್ಕೆ ಕೈ ಚಾಚುವುದುಂಟು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯ ಪತ್ರದಲ್ಲಿ ರಜಾದಿನ, ಸ್ವಂತ ಲ್ಯಾಪ್‌ಟಾಪ್ ಎಂಬ ಭೇದವೇ ಇರಲಿಲ್ಲ, ಬರೆದದ್ದೆಲ್ಲ ಕಂಪನಿಯದು. ಆರು ತಿಂಗಳ ವಾರಾಂತ್ಯಗಳಲ್ಲಿ ಬರೆದದ್ದನ್ನು ಪ್ರಕಟಿಸಲು ಅನುಮತಿ ಪತ್ರ ಕೈಸೇರುವುದಕ್ಕೆ ಇನ್ನಾರು ತಿಂಗಳು ಹಿಡಿಯಿತು. ಒಂಟಿ ಪ್ರೋಗ್ರಾಮರ್‌ನ ಸ್ಥಿತಿ ಇದಕ್ಕೆ ತಿರುಗುಮುರುಗು. ಅವನು ನೌಕರನಲ್ಲವಾದ್ದರಿಂದ ಬರವಣಿಗೆಯಲ್ಲಿ ಹಸ್ತಾಂತರಿಸದ ಹೊರತು ಹಕ್ಕು ಸಾಮಾನ್ಯವಾಗಿ ಅವನಲ್ಲಿಯೇ ಉಳಿಯುತ್ತದೆ. ಹಣ ಕೊಟ್ಟ ಗಿರಾಕಿಗೆ ಇದು ಗೊತ್ತಿರುವುದು ಅಪರೂಪ.

ಒಡೆತನ ಖಚಿತವಾದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು. ನಿಮ್ಮ ಕೋಡನ್ನು ಯಾರೋ ತೆಗೆದುಕೊಂಡು, ಸುಧಾರಿಸಿ, ಸುಧಾರಣೆಯನ್ನು ಮುಚ್ಚಿಟ್ಟುಕೊಂಡು ಹಣ ಮಾಡಿದರೆ ನಿಮಗೆ ನೋವಾಗುತ್ತದೆಯೇ, ಇಲ್ಲವೇ ಯಾರೂ ಬಳಸದೇ ಹೋದರೆ ಹೆಚ್ಚು ನೋವೇ? ಇದೇ ಮೂಲ ಪ್ರಶ್ನೆ. ಉಳಿದವೆಲ್ಲ ಇದರ ಕೊಂಬೆಗಳು. ಎರಡನೆಯದು, ನಿಮ್ಮ ಕೋಡ್ ಜನರಿಗೆ ತಲುಪುವ ದಾರಿ ಯಾವುದು: ಮೊಬೈಲ್ ಆ್ಯಪ್ ಆಗಿಯೇ, ಸಾಧನವೊಂದರ ಹೊಟ್ಟೆಯೊಳಗೆಯೇ, ಬೇರೆಯವರ ಕೋಡಿಗೆ ಸೇರುವ ಲೈಬ್ರರಿಯಾಗಿಯೇ, ದೂರದ ಸರ್ವರ್‌ನಿಂದಲೇ? ಮೂರನೆಯದು, ನೀವು ಈಗಾಗಲೇ ಯಾರ ಕೋಡನ್ನು ಬೆರೆಸಿದ್ದೀರಿ? ಕೊನೆಯದು, ಎಲ್ಲರೂ ದಾಟಿಕೊಂಡು ಹೋಗುವಂಥದ್ದು: ಕೋಡ್ ಕೊಟ್ಟವನೇ ನಾಳೆ ಪೇಟೆಂಟ್ ಹಿಡಿದುಕೊಂಡು ಬಾಗಿಲಿಗೆ ಬಂದರೆ?

ಹಕ್ಕುಸ್ವಾಮ್ಯ ಕಾಯುವುದು ಬರೆದ ಸಾಲುಗಳನ್ನು. ಪೇಟೆಂಟ್ ಕಾಯುವುದು ಅದರ ಹಿಂದಿನ ವಿಧಾನವನ್ನು. ಒಬ್ಬರು ಸಾಲುಗಳನ್ನು ನಕಲು ಮಾಡಲು ಅನುಮತಿ ಕೊಟ್ಟೂ ವಿಧಾನವನ್ನು ಬಳಸಿದಿರಿ ಎಂದು ದಾವೆ ಹೂಡಲು ಸಾಧ್ಯ. ಪರವಾನಗಿಯಲ್ಲಿ ಪೇಟೆಂಟ್ ಷರತ್ತು ಇರಬೇಕಾದದ್ದು ಈ ಕಾರಣಕ್ಕೆ.

ನಮ್ಮಲ್ಲಿ ಸಾಫ್ಟ್‌ವೇರ್‌ಗೆ ಪೇಟೆಂಟ್ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅರ್ಧ ಸರಿ. ಭಾರತದ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರಿಯ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ ಇವುಗಳನ್ನು ಹೊರಗಿಡುತ್ತದೆ. ಆದರೆ ಆ ‘ಬರಿಯ’ ಎಂಬ ಮಾತಿನ ಸುತ್ತಲೇ ಜಗಳ. 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಪ್ರೋಗ್ರಾಂ ಆಧರಿಸಿದ ಆವಿಷ್ಕಾರ ತಾಂತ್ರಿಕ ಪರಿಣಾಮ ತೋರಿಸಿದರೆ ಅದಕ್ಕೆ ಈ ನಿಷೇಧ ತಾನಾಗಿ ಅನ್ವಯಿಸುವುದಿಲ್ಲ ಎಂದಿತು. ಅದಲ್ಲದೆ ಪೇಟೆಂಟ್‌ಗೆ ದೇಶದ ಗಡಿಯಿದೆ, ಕೋಡಿಗೆ ಇಲ್ಲ. ಕೋರಮಂಗಲದಲ್ಲಿ ಬರೆದದ್ದನ್ನು ಕ್ಯಾಲಿಫೋರ್ನಿಯಾದಲ್ಲಿ ಮಾರಿದರೆ ಲೆಕ್ಕಕ್ಕೆ ಬರುವುದು ಅಮೆರಿಕದ ಪೇಟೆಂಟ್.

ಎಂಐಟಿ ಮತ್ತು ಬಿಎಸ್‌ಡಿ: ಚಿಕ್ಕದು, ಚೊಕ್ಕದು, ಮೌನವಾದದ್ದು

ಎಂಐಟಿ ಪರವಾನಗಿ ಅರ್ಧ ಪುಟ ಕೂಡ ಇಲ್ಲ. ಹಕ್ಕುಸ್ವಾಮ್ಯದ ಸಾಲನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಳ್ಳಿ, ಏನು ಬೇಕಾದರೂ ಮಾಡಿ, ಕೆಟ್ಟರೆ ನನ್ನನ್ನು ಕೇಳಬೇಡಿ. ಬಿಎಸ್‌ಡಿಯ ಎರಡು ಮತ್ತು ಮೂರು ಷರತ್ತುಗಳ ರೂಪಗಳೂ ಹೆಚ್ಚುಕಡಿಮೆ ಇದೇ. ಹಳೆಯ ನಾಲ್ಕು ಷರತ್ತಿನ ರೂಪದಲ್ಲಿ ಜಾಹೀರಾತುಗಳಲ್ಲೆಲ್ಲ ಹೆಸರು ಹಾಕಬೇಕೆಂಬ ಕಿರಿಕಿರಿಯಿತ್ತು. ಬರ್ಕ್ಲಿ ವಿಶ್ವವಿದ್ಯಾಲಯ ಅದನ್ನು 1999ರಲ್ಲಿ ಕೈಬಿಟ್ಟಿತು. ಯಾವ ಕಂಪನಿಯ ಕಾನೂನು ವಿಭಾಗವೂ ಇವುಗಳ ಮುಂದೆ ಹುಬ್ಬು ಗಂಟಿಕ್ಕುವುದಿಲ್ಲ.

ಪೇಟೆಂಟ್ ಎಂಬ ಪದ ಎಂಐಟಿಯಲ್ಲಿ ಒಂದು ಕಡೆಯೂ ಇಲ್ಲ. ‘ಬಳಸಲು’, ‘ಮಾರಲು’ ಅನುಮತಿ ಇದೆಯಲ್ಲ, ಆ ಪದಗಳು ಪೇಟೆಂಟ್ ಹಕ್ಕಿನ ಭಾಷೆಯವೇ, ಆದ್ದರಿಂದ ಪೇಟೆಂಟ್ ಅನುಮತಿ ಅದರೊಳಗೇ ಅಡಗಿದೆ ಎಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯೇ. ಆದರೆ ವಾದ ಗೆಲ್ಲಲು ನ್ಯಾಯಾಲಯಕ್ಕೆ ಹೋಗಬೇಕು, ಹೋಗಲು ಹಣ ಬೇಕು.

ಭಾರತದ್ದೇ ಆದ ಒಂದು ಕೊಕ್ಕೆಯೂ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಹಸ್ತಾಂತರ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಭಾವಿಸಬೇಕು. ಸೆಕ್ಷನ್ 30ಎ ಈ ನಿಯಮಗಳನ್ನು ಅಗತ್ಯ ಹೊಂದಾಣಿಕೆಗಳೊಂದಿಗೆ ಪರವಾನಗಿಗಳಿಗೂ ಎಳೆದು ತರುತ್ತದೆ. ಎಂಐಟಿಯಲ್ಲಿ ಅವಧಿಯೂ ಇಲ್ಲ, ಪ್ರದೇಶವೂ ಇಲ್ಲ. ಅಪಾಚೆಯಲ್ಲಿ ‘ಶಾಶ್ವತ’, ‘ವಿಶ್ವವ್ಯಾಪಿ’ ಎಂದು ಬರೆದೇ ಇದೆ; ಹಂಚಿದರೆ ಮೂಲ ಕೋಡನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕೆನ್ನುವ ಜಿಪಿಎಲ್‌ನ ಮೂರನೆಯ ಆವೃತ್ತಿ, ‘ಹಕ್ಕುಸ್ವಾಮ್ಯ ಇರುವಷ್ಟು ಕಾಲ’ ಎನ್ನುತ್ತದೆ. ಇದಕ್ಕಾಗಿ ಎಂಐಟಿಯನ್ನು ಬಿಟ್ಟುಬಿಡಿ ಎಂದು ಹೇಳಲಾರೆ. ಮನಸ್ಸು ತೂಗುಯ್ಯಾಲೆಯಲ್ಲಿದ್ದರೆ ಮಾತ್ರ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬಹುದಾದ ಕಲ್ಲು ಇದು.

ಅಪಾಚೆ 2.0, ಮತ್ತು ರಿಯಾಕ್ಟ್‌ನ ಪಾಠ

2004ರ ಜನವರಿಯಲ್ಲಿ ಬಂದ ಅಪಾಚೆ 2.0 ಎಂಐಟಿಯಷ್ಟೇ ಉದಾರಿ, ಆದರೆ ಮಾತುಗಾರ. ಅದರ ಮೂರನೆಯ ಷರತ್ತನ್ನು ನಿಧಾನವಾಗಿ ಓದಬೇಕು. ಕೋಡ್ ಕೊಟ್ಟ ಪ್ರತಿಯೊಬ್ಬರೂ ತಮ್ಮ ಕೊಡುಗೆಯಿಂದ, ಅಥವಾ ಆ ಕೊಡುಗೆ ಮೂಲಕೃತಿಯೊಡನೆ ಸೇರಿದ್ದರಿಂದ, ಅನಿವಾರ್ಯವಾಗಿ ಉಲ್ಲಂಘನೆಯಾಗುವ ತಮ್ಮ ಪೇಟೆಂಟ್‌ಗಳಿಗೆ ಉಚಿತ ಅನುಮತಿ ಕೊಡುತ್ತಾರೆ. ನೀವು ಈ ತಂತ್ರಾಂಶವೇ ನಿಮ್ಮ ಪೇಟೆಂಟನ್ನು ಉಲ್ಲಂಘಿಸುತ್ತದೆ ಎಂದು ಯಾರ ಮೇಲಾದರೂ ದಾವೆ ಹೂಡಿದರೆ, ಹೂಡಿದ ದಿನದಿಂದಲೇ ನಿಮಗಿದ್ದ ಪೇಟೆಂಟ್ ಅನುಮತಿ ರದ್ದು. ಪ್ರತಿದಾವೆಗೂ ಇದು ಅನ್ವಯ. ಹಕ್ಕುಸ್ವಾಮ್ಯದ ಅನುಮತಿ ಮಾತ್ರ ಉಳಿಯುತ್ತದೆ. ಅಂದರೆ ಶಿಕ್ಷೆ ಅಪರಾಧದ ಅಳತೆಗೆ ತಕ್ಕಷ್ಟೇ.

ಆ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಫೇಸ್‌ಬುಕ್ ತೋರಿಸಿಕೊಟ್ಟಿತು. ಜಾಲತಾಣಗಳ ಪರದೆ ಕಟ್ಟಲು ಬಳಸುವ ಅದರ ರಿಯಾಕ್ಟ್ ಲೈಬ್ರರಿ ಬಿಎಸ್‌ಡಿ ಪರವಾನಗಿಯೊಡನೆ ಪ್ರತ್ಯೇಕ ಪೇಟೆಂಟ್ ಕಡತವೊಂದನ್ನು ಇಟ್ಟುಕೊಂಡು ಬರುತ್ತಿತ್ತು. ಪೇಟೆಂಟ್ ಅನುಮತಿ ಇತ್ತು, ನಿಜ. ಆದರೆ ರಿಯಾಕ್ಟ್‌ಗೆ ಸಂಬಂಧವೇ ಇಲ್ಲದ ಯಾವುದೋ ಪೇಟೆಂಟ್‌ಗಾಗಿ ನೀವು ಫೇಸ್‌ಬುಕ್ ಮೇಲೆ ದಾವೆ ಹೂಡಿದರೂ ಆ ಅನುಮತಿ ಹೋಗುತ್ತಿತ್ತು. 2017ರ ಜುಲೈನಲ್ಲಿ, ಅಪಾಚೆ ಪರವಾನಗಿಯನ್ನು ಬರೆದ ಅಪಾಚೆ ಪ್ರತಿಷ್ಠಾನ ತನ್ನ ಯೋಜನೆಗಳಲ್ಲಿ ಈ ಪರವಾನಗಿಯ ಕೋಡ್ ಸೇರಬಾರದು ಎಂದಿತು. ಸೆಪ್ಟೆಂಬರ್‌ನಲ್ಲಿ, ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನವರು ರಿಯಾಕ್ಟ್ ಬಿಡುತ್ತೇವೆ ಎಂದರು. ಅದೇ ತಿಂಗಳು ಫೇಸ್‌ಬುಕ್ ಪೇಟೆಂಟ್ ಕಡತವನ್ನು ತೆಗೆದು ರಿಯಾಕ್ಟನ್ನು ಎಂಐಟಿಗೆ ತಂದಿತು, ಜನ ಸಂಭ್ರಮಿಸಿದರು. ನನಗೆ ಇಂದಿಗೂ ತಮಾಷೆಯೆನಿಸುವುದು ಇದೇ: ಬರೆದುಕೊಟ್ಟಿದ್ದ ಪೇಟೆಂಟ್ ಅನುಮತಿ ಹೋಗಿ, ಅದರ ಜಾಗದಲ್ಲಿ ಏನೂ ಬರೆಯದ ಕಾಗದ ಬಂತು, ಅದನ್ನೇ ಎಲ್ಲರೂ ಗೆಲುವೆಂದು ಕರೆದರು. ಅಂಕುಶದಂಥ ಷರತ್ತಿಗಿಂತ ಮೌನವೇ ಮೇಲು ಎಂದು ಕಂಪನಿಗಳಿಗೆ ಅನಿಸಿತ್ತು.

ಅಪಾಚೆಯ ಅನಾನುಕೂಲಗಳು ಕಡಿಮೆ. ಬದಲಾಯಿಸಿದ ಕಡತಗಳಲ್ಲಿ ಬದಲಾಯಿಸಿದ್ದೇವೆಂದು ನಮೂದಿಸಬೇಕು, ನೋಟಿಸ್ ಕಡತವಿದ್ದರೆ (ಬರೆದವರ ಹೆಸರು, ಸೂಚನೆಗಳಿರುವುದು) ಅದನ್ನು ಜೊತೆಗೊಯ್ಯಬೇಕು. ನಿಜವಾದ ತೊಡಕು ಬೆರಕೆಯಲ್ಲಿದೆ. ಜಿಪಿಎಲ್‌ನ ಎರಡನೆಯ ಆವೃತ್ತಿಗೆ ಮಾತ್ರ ಬದ್ಧವಾದ ಕೋಡಿನೊಡನೆ ಅಪಾಚೆ ಕೋಡನ್ನು ಸೇರಿಸಿ ಹಂಚಲಾಗದು ಎಂಬುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಓದು. ಜಿಪಿಎಲ್ ಮೂರರೊಡನೆ ಸೇರಿಸಬಹುದು, ಸೇರಿಸಿದ್ದು ಜಿಪಿಎಲ್ ಮೂರಾಗುತ್ತದೆ. ಜಿಪಿಎಲ್ ಎರಡರ ಲೋಕಕ್ಕೂ ಹೊಂದುವ, ಪೇಟೆಂಟ್ ಅನುಮತಿಯೂ ಇರುವ ಕಾಗದ ಬೇಕಿದ್ದರೆ ‘ಬಿಎಸ್‌ಡಿ ಪ್ಲಸ್ ಪೇಟೆಂಟ್’ ಎಂಬ ಪುಟ್ಟ ಪರವಾನಗಿ ಇದೆ. ರಿಯಾಕ್ಟ್‌ನ ಹಳೆಯ ಜೋಡಿಗೂ ಇದಕ್ಕೂ ಹೆಸರಿನ ಹೋಲಿಕೆ ಬಿಟ್ಟು ಸಂಬಂಧವಿಲ್ಲ.

ಎಂಪಿಎಲ್ 2.0: ಕಡತದ ಬೇಲಿ

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಝಿಲ್ಲಾದ ಈ ಪರವಾನಗಿ 2012ರದು. ಹೊಲದ ಬದುವಿನ ಹಾಗೆ ಇದರ ಗಡಿ ಸ್ಪಷ್ಟ: ನಿಮ್ಮ ಕಡತಗಳನ್ನು ತಿದ್ದಿ ಹಂಚಿದರೆ ಆ ಕಡತಗಳ ಸೋರ್ಸ್ (ಓದಿ ತಿದ್ದಬಹುದಾದ ಮೂಲ ಕೋಡ್) ಕೊಡಬೇಕು, ಪಕ್ಕದಲ್ಲಿ ಹೊಸದಾಗಿ ಬರೆದ ಕಡತಗಳು ಬರೆದವರಿಗೇ ಸೇರಿದ್ದು. ಪೇಟೆಂಟ್ ಅನುಮತಿ ಇದೆ, ಅದನ್ನು ಕಳೆದುಕೊಳ್ಳುವ ದಾರಿ ಅಪಾಚೆಗಿಂತ ಕಠಿಣವಾಗಿದೆ. ದಾವೆ ಹೂಡಿದವರು ಪೇಟೆಂಟ್ ಅನುಮತಿಯ ಜೊತೆಗೆ ಹಕ್ಕುಸ್ವಾಮ್ಯದ ಅನುಮತಿಯನ್ನೂ ಕಳೆದುಕೊಳ್ಳುತ್ತಾರೆ. ಆದರೆ ತಮ್ಮ ಮೇಲೆ ಬಂದ ದಾವೆಗೆ ಪ್ರತಿಯಾಗಿ ಹೂಡಿದ್ದು ಇದರಲ್ಲಿ ಲೆಕ್ಕಕ್ಕಿಲ್ಲ. ಕೊಟ್ಟದ್ದು ತಿರುಗಿ ಬರಲಿ, ಬಳಸುವವರೂ ಹೆದರದಿರಲಿ ಎಂಬ ನಡುದಾರಿಯವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಯಾಕೋ ಇದರ ಹೆಸರು ಚರ್ಚೆಗಳಲ್ಲಿ ಕೊನೆಗೆ ಬರುತ್ತದೆ.

ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ ಕೂಡ ನಡುದಾರಿಯದೇ. ಆದರೆ ಬಳಸುವವರು ನಿಮ್ಮ ಲೈಬ್ರರಿಯ ಬದಲಾದ ಪ್ರತಿಯನ್ನು ಹಾಕಿ ಆ್ಯಪ್ ಮತ್ತೆ ಕಟ್ಟಿಕೊಳ್ಳುವಂತಿರಬೇಕು ಎಂಬ ನಿಬಂಧನೆ ಮೊಬೈಲ್ ಲೋಕದಲ್ಲಿ ತಲೆನೋವು. ಹೊಸ ಲೈಬ್ರರಿಗೆ ಎಂಪಿಎಲ್ ಸಾಕು.

ಜಿಪಿಎಲ್: ಎರಡೋ ಮೂರೋ

ಜಿಪಿಎಲ್ ಎಂದರೆ ಕೋಡನ್ನೆಲ್ಲ ಊರಿಗೆ ಹಂಚಬೇಕು ಎಂಬ ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ಕಂಪನಿಯೊಳಗೆ ತಿದ್ದಿ ಬಳಸಿಕೊಂಡರೆ ಯಾರಿಗೂ ಏನೂ ಕೊಡಬೇಕಿಲ್ಲ. ಹೊರಗೆ ಹಂಚಿದಾಗ, ಪಡೆದವರಿಗೆ, ಅದೇ ಪರವಾನಗಿಯಲ್ಲಿ ಸೋರ್ಸ್ ಕೊಡಬೇಕು. ಹಣಕ್ಕೆ ಮಾರುವುದಕ್ಕೆ ಅಡ್ಡಿಯಿಲ್ಲ. ಈ ಷರತ್ತಿಗೆ ಹಲ್ಲಿದೆ ಎನ್ನುವುದಕ್ಕೆ ಲಿಂಕ್‌ಸಿಸ್ ರೂಟರ್ ಸಾಕ್ಷಿ. 2003ರಲ್ಲಿ ಅದರ ಡಬ್ಲ್ಯುಆರ್‌ಟಿ54ಜಿ ಮಾದರಿಯೊಳಗೆ ಜಿಪಿಎಲ್‌ನಲ್ಲಿರುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇರುವುದು ಗೊತ್ತಾಗಿ, ಒತ್ತಾಯದ ಮೇಲೆ ಸೋರ್ಸ್ ಹೊರಬಂತು. ಆ ಕೋಡಿನಿಂದಲೇ ಓಪನ್‌ಡಬ್ಲ್ಯುಆರ್‌ಟಿ ಎಂಬ, ರೂಟರ್‌ಗಳ ಮುಕ್ತ ತಂತ್ರಾಂಶ ಹುಟ್ಟಿತು. ಎಂಐಟಿಯಾಗಿದ್ದರೆ ಆ ರೂಟರ್‌ನ ಕೋಡ್ ಅದರ ಜೊತೆಗೇ ಗುಜರಿಗೆ ಹೋಗುತ್ತಿತ್ತು.

1991ರ ಎರಡನೆಯ ಆವೃತ್ತಿಯಲ್ಲಿ ಪೇಟೆಂಟ್ ಅನುಮತಿ ನೇರವಾಗಿ ಬರೆದಿಲ್ಲ. ಏಳನೆಯ ಷರತ್ತು ಇಷ್ಟು ಹೇಳುತ್ತದೆ: ಪೇಟೆಂಟ್ ಕಾರಣದಿಂದ ಜಿಪಿಎಲ್‌ನ ಎಲ್ಲ ಷರತ್ತುಗಳನ್ನೂ ಪಾಲಿಸಲಾಗದಿದ್ದರೆ ಹಂಚಲೇಬೇಡಿ. 2007ರ ಮೂರನೆಯ ಆವೃತ್ತಿ ಹಾಗಲ್ಲ. ಕೊಡುಗೆದಾರರ ಪೇಟೆಂಟ್ ಅನುಮತಿಯನ್ನು ಬರೆದಿಟ್ಟಿದೆ, ಮುಂದೆ ಅವರ ಕೈಸೇರುವ ಪೇಟೆಂಟ್‌ಗಳೂ ಅದರೊಳಗೆ ಬರುತ್ತವೆ. 2006ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಲಿನಕ್ಸ್ ಮಾರುತ್ತಿದ್ದ ನೋವೆಲ್ ಕಂಪನಿ, ನೋವೆಲ್‌ನ ಗಿರಾಕಿಗಳಿಗಷ್ಟೇ ಪೇಟೆಂಟ್ ಅಭಯ ಸಿಗುವಂಥ ಒಪ್ಪಂದ ಮಾಡಿಕೊಂಡಿದ್ದವು. ಅಂಥ ಪಂಕ್ತಿಭೇದ ಇನ್ನು ನಡೆಯಬಾರದೆಂದೇ ಮೂರನೆಯ ಆವೃತ್ತಿಯಲ್ಲಿ ಒಂದು ಷರತ್ತು ಬಂತು, 2007ರ ಮಾರ್ಚ್ 28ಕ್ಕಿಂತ ಮುಂಚಿನ ಒಪ್ಪಂದಗಳಿಗೆ ವಿನಾಯಿತಿ ಕೊಟ್ಟು.

ಸಾಧನ ತಯಾರಕರು ಮೂರಕ್ಕೆ ಹೆದರುವುದು ಇನ್ನೊಂದು ಕಾರಣಕ್ಕೆ: ಮನೆಬಳಕೆಯ ಸಾಧನವಾದರೆ, ತಿದ್ದಿದ ತಂತ್ರಾಂಶವನ್ನು ಅದರಲ್ಲಿ ಕೂರಿಸಲು ಬೇಕಾದ ಮಾಹಿತಿಯನ್ನೂ ಕೊಡಬೇಕು. ಮೂರು ತುಸು ಕರುಣಾಮಯಿಯೂ ಹೌದು. ಎರಡರಲ್ಲಿ ಷರತ್ತು ಮುರಿದ ಕೂಡಲೇ ಹಕ್ಕು ಹೋಗುತ್ತದೆ. ಮೂರರಲ್ಲಿ ಮೊದಲ ಸಲ ತಪ್ಪಿದವರು ನೋಟಿಸ್ ಬಂದ 30 ದಿನಗಳೊಳಗೆ ಸರಿಪಡಿಸಿಕೊಂಡರೆ ಹಕ್ಕು ಮರಳುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಹೋಗುವ ಕೋಡಾದರೆ ಎರಡಕ್ಕೆ ಹೊಂದುವಂತಿರಬೇಕು. ಮಿಕ್ಕ ಸಂದರ್ಭಗಳಲ್ಲಿ ಜಿಪಿಎಲ್ ಬೇಕೆನ್ನುವವರು ಮೂರನ್ನೇ ಹಿಡಿಯಲಿ.

ಎಜಿಪಿಎಲ್, ಮತ್ತು ಅದರಾಚೆಯ ಗಡಿ

ಸರ್ವರ್ ಮೇಲೆ ಓಡಿಸಿದರೆ ‘ಹಂಚಿದಂತೆ’ ಆಗುವುದಿಲ್ಲ. ಜಿಪಿಎಲ್‌ನ ಈ ಕಿಂಡಿಯನ್ನು ಎಜಿಪಿಎಲ್‌ನ 13ನೆಯ ಷರತ್ತು ಮುಚ್ಚುತ್ತದೆ: ನೀವು ತಿದ್ದಿದ ಪ್ರತಿಯನ್ನು ಜಾಲದ ಮೂಲಕ ಬಳಸುವವರಿಗೂ ಸೋರ್ಸ್ ಸಿಗುವಂತಿರಬೇಕು. ತಿದ್ದದೆ ಓಡಿಸಿದರೆ ಈ ಷರತ್ತು ತಟ್ಟುವುದಿಲ್ಲ. ಪೇಟೆಂಟ್ ವಿಷಯದಲ್ಲಿ ಇದು ಜಿಪಿಎಲ್ ಮೂರರ ತದ್ರೂಪ. ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧಾದಲ್ಲಿ ಬಳಕೆಯಲ್ಲಿರುವ, ಸುದ್ದಿಪತ್ರಗಳನ್ನು ಕಳಿಸುವ ಲಿಸ್ಟ್‌ಮಾಂಕ್ ಇದೇ ಪರವಾನಗಿಯಲ್ಲಿದೆ. ಇದಕ್ಕೆ ತೆರುವ ಬೆಲೆಯೂ ಸ್ಪಷ್ಟ: ಎಜಿಪಿಎಲ್ ಕೋಡನ್ನು ಒಳಗೆ ಬಳಸಬಾರದೆಂಬ ನಿಯಮವನ್ನು ಗೂಗಲ್ ಬಹಿರಂಗವಾಗಿಯೇ ಪ್ರಕಟಿಸಿದೆ, ಬೇರೆ ಹಲವೆಡೆಯೂ ಇದೇ ಹಿಂಜರಿಕೆ. ಲೈಬ್ರರಿಗೆ ಎಜಿಪಿಎಲ್ ಹಾಕಿದರೆ ಬಳಕೆದಾರರನ್ನು ಬಾಗಿಲಲ್ಲೇ ಕಳಿಸಿದಂತೆ. ಪೂರ್ಣ ಪ್ರಮಾಣದ ಸರ್ವರ್ ತಂತ್ರಾಂಶಕ್ಕೆ ಹಾಕಿದರೆ ಅದೇ ನಿಮ್ಮ ಕೋಟೆ.

ಕೋಟೆ ಸಾಲದು ಎನಿಸಿದವರು ಎಸ್‌ಎಸ್‌ಪಿಎಲ್ (ಸರ್ವರ್ ಸೈಡ್ ಪಬ್ಲಿಕ್ ಲೈಸೆನ್ಸ್), ಬಿಸಿನೆಸ್ ಸೋರ್ಸ್ ಲೈಸೆನ್ಸ್ ಎಂದೆಲ್ಲ ಹೋಗಿದ್ದಾರೆ. ಸೋರ್ಸ್ ಕಾಣುತ್ತದೆ, ಆದರೆ ಯಾವುದು ಓಪನ್ ಸೋರ್ಸ್ ಎಂದು ತೀರ್ಮಾನಿಸುವ ಓಪನ್ ಸೋರ್ಸ್ ಇನಿಷಿಯೇಟಿವ್‌ನ ವ್ಯಾಖ್ಯೆಗೆ ಇವು ಹೊಂದುವುದಿಲ್ಲ. 2024ರ ಮಾರ್ಚ್‌ನಲ್ಲಿ ದತ್ತಾಂಶ ಸಂಗ್ರಹಿಸುವ ತಂತ್ರಾಂಶವಾದ ರೆಡಿಸ್ ಬಿಎಸ್‌ಡಿಯನ್ನು ಬಿಟ್ಟಿತು. ವಾರಗಳು ಕಳೆಯುವ ಮೊದಲೇ ಹಳೆಯ ಕೋಡಿನಿಂದ ವಾಲ್‌ಕೀ ಕವಲೊಡೆಯಿತು. 2025ರಲ್ಲಿ ರೆಡಿಸ್ ಎಜಿಪಿಎಲ್‌ಗೆ ಬಂತು. ಇಷ್ಟು ಸುತ್ತುವ ಬದಲು ಮೊದಲ ದಿನವೇ ಅಲ್ಲಿ ನಿಲ್ಲಬಹುದಿತ್ತು.

ಕಾಗದ ಕಾಯದ ಜಾಗ

ಈ ಎಲ್ಲ ಪೇಟೆಂಟ್ ಷರತ್ತುಗಳೂ ಕಟ್ಟಿಹಾಕುವುದು ಕೋಡ್ ಕೊಟ್ಟವರನ್ನು ಮತ್ತು ಪಡೆದವರನ್ನು. ಕೋಡಿನ ಹತ್ತಿರವೂ ಸುಳಿಯದೆ ಪೇಟೆಂಟ್ ಮಾತ್ರ ಹಿಡಿದು ದಾವೆ ಹೂಡುವ ಮೂರನೆಯವರ ಮುಂದೆ ಯಾವ ಪರವಾನಗಿಯೂ ಗುರಾಣಿಯಾಗದು. 2019ರಲ್ಲಿ, ಲಿನಕ್ಸ್‌ನ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ ಪ್ರತಿಷ್ಠಾನದ ಮೇಲೆ ಶಾಟ್‌ವೆಲ್ ಎಂಬ ಫೋಟೊ ತಂತ್ರಾಂಶಕ್ಕಾಗಿ ಇಂಥ ದಾವೆ ಬಿತ್ತು. ಮುಂದಿನ ವರ್ಷ ರಾಜಿಯಾಯಿತು. ಓಪನ್ ಇನ್ವೆನ್ಷನ್ ನೆಟ್‌ವರ್ಕ್‌ನಂಥ ಪೇಟೆಂಟ್ ಒಕ್ಕೂಟಕ್ಕೆ ಸೇರಬಹುದು. ಅಲ್ಲಿಯೂ ಸದಸ್ಯರ ನಡುವಿನ ಶಾಂತಿಯಷ್ಟೇ ಸಿಗುತ್ತದೆ, ಅದೂ ಲಿನಕ್ಸ್ ವ್ಯವಸ್ಥೆಯ ಮಟ್ಟಿಗೆ.

ಇನ್ನೊಂದು ಎಚ್ಚರ ಕನ್ನಡದ ಕೆಲಸ ಮಾಡುವವರಿಗೆ. ಫಾಂಟ್ ಮತ್ತು ನಿಘಂಟು ಕೋಡಲ್ಲ. ನೋಟೊ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ ಫಾಂಟ್‌ಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಪಿಡಿಎಫ್ ಒಳಗೆ ಫಾಂಟ್ ಕೂತರೆ ದಾಖಲೆಗೆ ಏನೂ ಅಂಟುವುದಿಲ್ಲ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನ ದತ್ತಾಂಶ ಓಪನ್ ಡೇಟಾಬೇಸ್ ಲೈಸೆನ್ಸ್‌ನಲ್ಲಿದೆ. ಅದನ್ನು ವಿಸ್ತರಿಸಿದ ದತ್ತಾಂಶವನ್ನು ಪ್ರಕಟಿಸಿದರೆ ಅದೂ ಅದೇ ಪರವಾನಗಿಯಲ್ಲಿರಬೇಕು. ಕೋಡಿಗೊಂದು, ಪದಪಟ್ಟಿಗೊಂದು ಕಡತ ಇಡುವುದೇ ಲೇಸು.

ಹಾಗಾದರೆ ಯಾರಿಗೆ ಯಾವುದು

ಕಾಗುಣಿತದ ವಿದ್ಯಾರ್ಥಿಗೆ ನಾನು ಹೇಳುವುದು ಅಪಾಚೆ. ಅವಳಿಗೆ ಬೇಕಾದದ್ದು ಬಳಕೆದಾರರು; ಕೀಬೋರ್ಡ್ ಮಾಡುವ ಕಂಪನಿಯೂ ಪತ್ರಿಕಾ ಕಚೇರಿಯೂ ಹೆದರದೆ ಎತ್ತಿಕೊಳ್ಳಲಿ. ಖರ್ಚು ಸೊನ್ನೆ, ಪೇಟೆಂಟ್ ಮಾತು ಬರೆದೇ ಇರುತ್ತದೆ. ನೂರು ಸಾಲಿನ ಸಣ್ಣ ಉಪಕರಣವಾದರೆ ಎಂಐಟಿ ಸಾಕು. ತಿದ್ದುಪಡಿಗಳು ಮನೆಗೆ ಮರಳಲಿ ಎಂದು ಆಸೆಯಿದ್ದರೆ ಎಂಪಿಎಲ್.

ನಾಲ್ಕು ಜನರ ಕಂಪನಿಗೆ ಎಜಿಪಿಎಲ್, ಜೊತೆಗೆ ಸೋರ್ಸ್ ಕೊಡಲು ಇಷ್ಟವಿಲ್ಲದ ಗಿರಾಕಿಗಳಿಗೆ ಹಣದ ಪರವಾನಗಿ. ಇದಕ್ಕೆ ಹೊರಗಿನಿಂದ ಬರುವ ಪ್ರತಿ ಕೊಡುಗೆಗೂ ಒಪ್ಪಂದ ಪತ್ರ ಬೇಕು, ಅದನ್ನು ಬರೆಸಲು ವಕೀಲರಿಗೆ ಹಣ ಬೇಕು. ಒಪ್ಪಂದಕ್ಕೆ ಸಹಿ ಹಾಕಲು ಒಪ್ಪದೆ ದೂರ ಹೋಗುವ ಕೊಡುಗೆದಾರರೂ ಇರುತ್ತಾರೆ. ಅಷ್ಟು ಬಂಡವಾಳವಿಲ್ಲದಿದ್ದರೆ ಮುಖ್ಯ ಸರ್ವರ್ ಮಾತ್ರ ಎಜಿಪಿಎಲ್, ಅದಕ್ಕೆ ಜೋಡಿಸುವ ಲೈಬ್ರರಿಗಳು ಅಪಾಚೆ ಎಂದು ವಿಂಗಡಿಸಿ.

ಒಂಟಿ ಪ್ರೋಗ್ರಾಮರ್ ಗಿರಾಕಿಗೆ ಕೊಡುವ ಕೋಡಿನಲ್ಲಿ ಜಿಪಿಎಲ್ ತುಣುಕು ಇದೆಯೇ ಎಂದು ಮೊದಲು ನೋಡಿಕೊಳ್ಳಲಿ. ಗಿರಾಕಿ ತನ್ನೊಳಗೆ ಬಳಸಿದರೆ ತೊಂದರೆಯಿಲ್ಲ, ಆ್ಯಪ್ ಆಗಿ ಊರಿಗೆಲ್ಲ ಹಂಚುವವನಾದರೆ ಮುಂಚೆಯೇ ಹೇಳಬೇಕು. ತನ್ನ ಕೈಯಲ್ಲಿ ಪದೇ ಪದೇ ಬಳಕೆಯಾಗುವ ಉಪಕರಣಗಳನ್ನು ಎಂಐಟಿಯಲ್ಲೋ ಅಪಾಚೆಯಲ್ಲೋ ಮೊದಲೇ ಪ್ರಕಟಿಸಿಟ್ಟರೆ, ಹಸ್ತಾಂತರ ಪತ್ರಕ್ಕೆ ಸಹಿ ಹಾಕುವಾಗ ಅವು ಅದರ ಜೊತೆ ಗಿರಾಕಿಯ ಪಾಲಾಗುವುದಿಲ್ಲ.

ಆರಿಸಿದ ಮೇಲೆ ಪಠ್ಯವನ್ನು ಒಂದಕ್ಷರವೂ ತಿದ್ದದೆ ಲೈಸೆನ್ಸ್ ಕಡತದಲ್ಲಿ ಹಾಕಿ, ಪ್ರತಿ ಕಡತದ ತಲೆಗೆ ಎಸ್‌ಪಿಡಿಎಕ್ಸ್ ಗುರುತಿನ (ಪರವಾನಗಿಯನ್ನು ಚುಟುಕಾಗಿ ಹೆಸರಿಸುವ ಸಂಕೇತ) ಒಂದು ಸಾಲು ಸೇರಿಸಿ. ಕಡತವೇ ಇಲ್ಲದಿದ್ದರೆ ಎಲ್ಲ ಹಕ್ಕುಗಳೂ ಕಾದಿರಿಸಿದಂತೆ, ಯಾರೂ ಮುಟ್ಟುವಂತಿಲ್ಲ. ಇದನ್ನೆಲ್ಲ ಹೊರಗಿನವರು ಕಳಿಸಿದ ಮೊದಲ ತಿದ್ದುಪಡಿ ಸೇರುವ ಮುಂಚೆಯೇ ಮುಗಿಸಿ. ವಿಡಿಯೊ ನೋಡುವ ವಿಎಲ್‌ಸಿ ಆ್ಯಪ್ 2011ರ ಜನವರಿಯಲ್ಲಿ ಜಿಪಿಎಲ್ ತಕರಾರಿನಿಂದ ಆ್ಯಪಲ್‌ನ ಅಂಗಡಿಯಿಂದ ಹೊರಬಿತ್ತು. ಅದರ ಒಳಗಿನ ಲೈಬ್ರರಿಯನ್ನು ಎಲ್‌ಜಿಪಿಎಲ್‌ಗೆ ಬದಲಾಯಿಸಲು, ವರ್ಷಗಳ ಹಿಂದೆ ಕೋಡ್ ಕೊಟ್ಟು ಮರೆತಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಿ ಒಪ್ಪಿಗೆ ಕೇಳಬೇಕಾಯಿತು. ಆ್ಯಪ್ ಅಂಗಡಿಗೆ ಮರಳಿದ್ದು 2013ರಲ್ಲಿ.